ಖಂಡೇಪೂಜೆಯ ದಿನ ಹದಿನೇಳರ ಪಾನಾ

ಬಾದಾಮಿ ಊರಿನಿಂದ ಸ್ಟೇಶನ್ನಿಗೆ ಮೂರು ಮೈಲು. ಟಾಂಗಾದವನು ಆರಾಣೆ ಕೇಳಿ ನಾಲ್ಕಾಣೆಗೆ ಒಪ್ಪಿದ. ದಸರೆಯ ಅಷ್ಟಮಿಯ ಬೆಳಿಗ್ಗೆ ಅದು. ನನ್ನ ಹತ್ತಿರ ಎರಡು ಚೀಲಗಳಿದ್ದವು. ಒಂದು ಹೆರಿಗೆಯ ಚೀಲ. ನಾನು ಬಾದಾಮಿಯ ದವಾಖಾನೆಯಲ್ಲಿ ನರ್ಸು, ಅದನ್ನು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಇನ್ನೊಂದು ಖಾಲಿ ಗೋಣಿಚೀಲ. ದಾರಿಯುದ್ದಕ್ಕೂ ನಟ್ಟು ಬಿಚ್ಚುವ ಪಾನಾಗಳನ್ನೂ ಬೇಕಾದ ಇತರ ಹತಾರಗಳನ್ನೂ ಕೂಡಿಸಿ ಆ ಚೀಲ ತುಂಬಿಸಿಕೊಂಡು, ಮೂರನೆಯ ದಿನ ಇಳಕಲ್ಲಿನಲ್ಲಿ ನಿಂತುಹೋಗಿದ್ದ ನನ್ನ ಕಾರನ್ನು ಹೊರಡಿಸಿಕೊಂಡು ಬರುವುದು ನನ್ನ ಯೋಚನೆ.

ನರ್ಸಿಗೆ ಕಾರು ಎಲ್ಲಿಂದ ಬಂತು ಎಂದು ಕೇಳುವವರಿದ್ದಾರೆ, ಬಾದಾಮಿಯಲ್ಲಂತೂ ಬಹಳ ಜನ. ನನಗೆ ಕೆಲಸ ಕಲಿಸಿದ ಜರ್ಮನ್ ಡಾಕ್ಟರರದು ಅದು. ಯುದ್ಧಕ್ಕಿಂತ ಮುಂಚಿನ ಗಾಡಿ, ಪೆಟ್ರೋಲಿನದಲ್ಲ, ಡೀಸೆಲ್ ಎಣ್ಣೆಯದು. ಆರು ವರ್ಷ ಅವರ ಪಕ್ಕದಲ್ಲಿ ಕುಳಿತು ಹಳ್ಳಿ ಹಳ್ಳಿ ಸುತ್ತಿದ್ದೇನೆ. ಓಡಿಸಲು ಅವರೇ ಕಲಿಸಿದರು, ಮುಂಬಯಿ ಸರಕಾರದ ಲೈಸೆನ್ಸನ್ನೂ ಕೊಡಿಸಿದರು. ಇಳಕಲ್ಲಿನ ಕ್ಯಾಂಪಿನಲ್ಲಿದ್ದಾಗ ಕಾಯಿಲೆ ಬಿದ್ದು ತಮ್ಮ ದೇಶಕ್ಕೆ ಹೊರಟಾಗ ಕಾರನ್ನು ನನ್ನ ಹೆಸರಿಗೆ ಬರೆದುಕೊಟ್ಟರು. ಅದನ್ನು ಬಾದಾಮಿಗೆ ಮುಟ್ಟಿಸಬೇಕಾದ ಡ್ರೈವರ್ ಮಹಾಶಯ ಗೆಳೆಯರನ್ನು ಹೇರಿಕೊಂಡು ಊರೆಲ್ಲ ಮೆರೆದು, ಎಣ್ಣೆ ತೀರಿ ಗಾಡಿ ನಿಂತಾಗ ಹತಾರದ ಪೆಟ್ಟಿಗೆ ಎತ್ತಿಕೊಂಡು ಪರಾರಿಯಾದ. ಆಮೇಲೆ ನೋಡಲು ಬಂದ ಇಬ್ಬರು ಮೆಕ್ಯಾನಿಕರು ಬಾನೆಟ್ ತೆಗೆದು ಸ್ಪಾರ್ಕ್ ಪ್ಲಗ್ ಹುಡುಕಿದರಂತೆ. ಡೀಸೆಲ್ ಇಂಜಿನ್ನಿಗೆ ಸ್ಪಾರ್ಕ್ ಪ್ಲಗ್ಗೇ ಇರುವುದಿಲ್ಲ. "ಪ್ಲಗ್ಗು ಕದ್ದಾರ, ಇಂಜಿನ್ ಸತ್ತೈತಿ" ಎಂದು ಷರಾ ಬರೆದು ಹೋದರು.

ಇಂಜಿನ್ ಸತ್ತಿರಲಿಲ್ಲ. ಎಣ್ಣೆ ಪೂರ್ತಿ ತೀರಿದರೆ ನಳಿಕೆಯಲ್ಲಿ ಗಾಳಿ ಸೇರಿಕೊಳ್ಳುತ್ತದೆ. ನಟ್ಟು ಸಡಿಲಿಸಿ ಆ ಗಾಳಿಯನ್ನು ಹೊರಗೆ ಬಿಡದೆ ನೀವು ಟ್ಯಾಂಕಿಗೆ ಮಲಪ್ರಭೆಯಷ್ಟು ಎಣ್ಣೆ ಸುರಿದರೂ ಗಾಡಿ ಕೆಮ್ಮುವುದೂ ಇಲ್ಲ. ಡಾಕ್ಟರರು ಅದನ್ನು ಬಿಡುವುದನ್ನು ನಾನು ಹತ್ತಾರು ಸಲ ನೋಡಿದ್ದೆ, ಆದರೆ ಕೈಯಿಂದ ಮಾಡಿರಲಿಲ್ಲ.

ಕಾರು ನನಗೆ ಶೋಕಿಗೆ ಬೇಕಿರಲಿಲ್ಲ. ಹಿಂದಿನ ಮಳೆಗಾಲದಲ್ಲಿ ಒಂಬತ್ತು ಮೈಲಿನ ಹಳ್ಳಿಯೊಂದರಿಂದ ಕರೆ ಬಂತು. ಕಾಶವ್ವ ಎಂಬ ಹುಡುಗಿ, ಚೊಚ್ಚಲ ಹೆರಿಗೆ, ಕೂಸು ಅಡ್ಡ. ಎರೆ ಕೆಸರಿನಲ್ಲಿ ಚಕ್ಕಡಿ ಐದು ತಾಸು ತೆಗೆದುಕೊಂಡಿತು. ನಾನು ಮುಟ್ಟಿದಾಗ ಅಂಗಳದಲ್ಲಿ ಹೆಣಕ್ಕೆ ಅರಿಸಿನ ಹಚ್ಚುತ್ತಿದ್ದರು. ತಾಯಿ, ಕೂಸು ಎರಡೂ ಉಳಿಯಲಿಲ್ಲ. ಅವತ್ತಿನಿಂದ ನನಗೆ ಆ ಕಾರು ಬೇಕೇ ಬೇಕಾಗಿತ್ತು. ದವಾಖಾನೆ ನಡೆಸುವ ಲೋಕಲ್ ಬೋರ್ಡಿನ ಮೆಂಬರರೊಬ್ಬರು ಅದರ ಕಟ್ಟೆಯಲ್ಲಿ ಕುಳಿತು, "ನರ್ಸಬಾಯಿಗೆ ಮೋಟಾರಂತ, ಇನ್ನ ಎಮ್ಮಿಗೆ ವಿಮಾನ ತರಸ್ರಿ" ಎಂದು ನಗಾಡಿದ್ದನ್ನೂ ಕೇಳಿಸಿಕೊಂಡಿದ್ದೆ.

ಅಷ್ಟರಲ್ಲಿ ಇಳಕಲ್ಲಿನಿಂದ ಮಹಾಂತಪ್ಪ ಶೆಟ್ಟರ ಕಾಗದ ಬಂತು. ಅವರು ಸೀರೆಯ ವ್ಯಾಪಾರಿಗಳು, ಎಣ್ಣೆ ತೀರಿದ ಕಾರನ್ನು ನೂಕಿ ತಂದು ನಿಲ್ಲಿಸಿದ್ದು ಅವರ ಹಿತ್ತಿಲಲ್ಲಿ. "ಬನ್ನಿ ಹಬ್ಬದ ದಿನ ಹಿತ್ತಿಲಲ್ಲಿ ಮಗ್ಗದ ಮನೆಗೆ ಗುದ್ದಲಿ ಹಾಕುವ ಮುಹೂರ್ತ ಇದೆ. ಅಷ್ಟರೊಳಗೆ ಗಾಡಿ ಒಯ್ಯಬೇಕು. ಇಲ್ಲವಾದರೆ ಮೋಡಕಾದವನಿಗೆ ಹೇಳಿದ್ದೇನೆ, ಎಳೆದುಕೊಂಡು ಹೋಗಿ ಒಡೆಯುತ್ತಾನೆ" ಎಂದು ಬರೆದಿದ್ದರು. ಮೋಡಕಾದವನೆಂದರೆ ಹಳೆ ಕಬ್ಬಿಣ ಕೊಳ್ಳುವವನು. ನಾನು ಅದೇ ದಿನ ರಜೆ ಬರೆದುಕೊಟ್ಟೆ.

ಬಾಗಲಕೋಟೆಗೆ ರೈಲು ಹನ್ನೊಂದಕ್ಕೆ ಮುಟ್ಟಿತು. ಹಬ್ಬದ ಗದ್ದಲ, ಪೇಟೆಯಲ್ಲಿ ಚೆಂಡುಹೂವಿನ ರಾಶಿ. ಕಬ್ಬಿಣದ ಸಾಮಾನಿನ ದೊಡ್ಡ ಅಂಗಡಿಗೆ ಹೋಗಿ ಪಾನಾ ತೋರಿಸಿ ಎಂದೆ. ಅಂಗಡಿಯವನು ಗಲ್ಲೆಯಿಂದ ಏಳದೆ, "ಯಜಮಾನರನ್ನ ಕಳಸ್ರಿ ಬಾಯಾರ, ಅವರಿಗೆ ತಿಳೀತೈತಿ" ಅಂದ.

"ನಮ್ಮ ಯಜಮಾನರು ಸತ್ತು ಹದಿನೆಂಟು ವರ್ಷ ಆತು. ಅವರನ್ನ ಕೇಳಬೇಕಾದ್ರ ನೀವು ಅಲ್ಲಿಗೇ ಹೋಗಬೇಕಾಗ್ತದ," ಅಂದೆ.

ಎದ್ದ. ಹದಿನೈದು ಪಾನಾ ಹೊರಗೆ ತಂದು ಚೆಲ್ಲಿದ. ಹಿಂದಿನ ಸಲ ಇಳಕಲ್ಲಿಗೆ ಹೋದಾಗ ಕಾರಿನ ಎಣ್ಣೆ ನಳಿಕೆಯ ನಟ್ಟೊಂದು ಸಡಿಲಾಗಿ ನೇತಾಡುತ್ತಿತ್ತು, ಅದನ್ನು ಅಳತೆಗೆಂದು ತಂದಿದ್ದೆ. ಡಾಕ್ಟರರು ಬರೆದುಕೊಟ್ಟ ಪಟ್ಟಿಯಲ್ಲಿ ಅದು ಹದಿನೇಳು ಮಿಲಿಮೀಟರ್ ಅಳತೆಯ ನಟ್ಟು. ಒಂದೊಂದೇ ಪಾನಾದ ಬಾಯಿಗೆ ಇಟ್ಟು ನೋಡಿದೆ. ಒಂದರೊಳಗೆ ಹೋಗಲೇ ಇಲ್ಲ, ಮುಂದಿನದರಲ್ಲಿ ಗಡಗಡ ಅಲ್ಲಾಡಿತು. "ಇದ್ಯಾವ ದೇಶದ ನಟ್ಟರಿ?" ಎಂದು ಅವನೂ ಬಗ್ಗಿ ನೋಡಿದ. "ನಮ್ಮವೆಲ್ಲಾ ಇಂಚಿನ ಲೆಕ್ಕದವು. ಇದು ಆ ಲೆಕ್ಕಕ್ಕ ಬರೂದಿಲ್ಲ." ಅಷ್ಟು ಹೊತ್ತಿಗೆ ಅವನಿಗೂ ನನ್ನ ನಟ್ಟಿನ ಚಿಂತೆ ಹತ್ತಿತ್ತು. ಹತ್ತಿರದ ಅಳತೆಯ ಎರಡು ಪಾನಾ, ಒಂದು ಸ್ಕ್ರೂಡ್ರೈವರು, ಒಂದು ಪಕ್ಕಡ ಕೊಂಡೆ. ಸರಿಯಾದ ಪಾನಾ ಹುನಗುಂದದಲ್ಲಿ ಸಿಕ್ಕೀತು ಎಂದುಕೊಂಡೆ. ಅಲ್ಲಿ ಹಿಟ್ಟಿನ ಗಿರಣಿಯ ಎಣ್ಣೆ ಇಂಜಿನ್ ನೋಡಿಕೊಳ್ಳುವ ದಸ್ತಗೀರಸಾಬ ಎಂಬ ಮಿಸ್ತ್ರಿ ಇದ್ದಾನೆ. ನಮ್ಮ ಡಾಕ್ಟರರು ತಮ್ಮ ಕಾರನ್ನು ಅವನೊಬ್ಬನಿಗೇ ಮುಟ್ಟಗೊಡುತ್ತಿದ್ದರು.

ಆ ರಾತ್ರಿ ಬಾಗಲಕೋಟೆಯಲ್ಲಿ ನಮ್ಮ ಸೋದರಮಾವನ ಮನೆಯಲ್ಲಿ ಉಳಿದೆ. ಅವರು ಸಾಲೆಯಲ್ಲಿ ಸಂಸ್ಕೃತ ಕಲಿಸಿ ನಿವೃತ್ತರಾದವರು, ನಮ್ಮ ಮನೆತನದವರೆಲ್ಲ ಪಂಚಾಂಗ ಗುಣಿಸುವವರು. ಗೋಣಿಚೀಲದಿಂದ ಬಿದ್ದ ಪಾನಾದ ಸದ್ದಿಗೆ ಮಾವ ಹುಬ್ಬು ಗಂಟು ಹಾಕಿದರು. ಸಂಗತಿ ಕೇಳಿ ಗಟ್ಟಿಯಾಗಿ ನಕ್ಕರು.

"ನಾಳೆ ಏನದ, ಹೇಳು?"

"ನಾಳೆ ನವಮಿ."

"ನವಮಿ ಅಂದ್ರ ಖಂಡೇಪೂಜಿ. ನಾಡದ ಸಂಜಿಗೆ ಬನ್ನಿ ಮುಡಿಯೂತನಕ ಯಾವ ಕಂಬಾರ ಸುತ್ತಗಿ ಎತ್ತತಾನ, ಯಾವ ಮಿಸ್ತ್ರಿ ಪಾನಾ ಮುಟ್ಟತಾನ? ಪಂಚಾಂಗದವರ ಮನಿ ಮಗಳು, ಹತಾರ ಕೂಡಿಸಲಿಕ್ಕೆ ಇಡೀ ವರ್ಷದಾಗ ಇದೊಂದೇ ದಿನ ಸಿಕ್ತೇನು ನಿನಗ?"

ಶೆಟ್ಟರ ಕಾಗದದಲ್ಲಿ ಬನ್ನಿ ಎಂಬುದನ್ನು ಓದಿ ಬನ್ನಿಯನ್ನಷ್ಟೇ ಎಣಿಸಿದ್ದೆ. ಅದರ ಹಿಂದಿನ ದಿನ ಊರಿನ ಹತಾರಗಳೆಲ್ಲ ಕುಂಕುಮ ಹಚ್ಚಿಸಿಕೊಂಡು ಮಣೆಯ ಮೇಲೆ ಕೂರುತ್ತವೆ ಎಂಬುದು ತಲೆಗೇ ಹೊಳೆದಿರಲಿಲ್ಲ. ನನ್ನ ಮೇಲೆ ನನಗೇ ಸಿಟ್ಟು ಬಂತು. "ತಿರುಗಿ ಹೋಗು, ಮರ್ಯಾದಿ ಉಳೀತದ" ಎಂದು ಮಾವ ಹೇಳಿದ್ದರಿಂದ ಹಿಂದಿರುಗುವ ಮಾತೇ ಮುಗಿಯಿತು. ಹತ್ತೊಂಬತ್ತಕ್ಕೆ ವಿಧವೆಯಾಗಿ ನಾನು ನರ್ಸಿನ ಕೆಲಸ ಕಲಿಯಲು ಹೊರಟಾಗಲೂ ಅವರು ಅದೇ ಮಾತು ಹೇಳಿದ್ದರು.

ನವಮಿಯ ಬೆಳಿಗ್ಗೆ ಏಳಕ್ಕೆ ಹುನಗುಂದದ ಮೋಟಾರು ಹೊರಟಿತು. ಮೂವತ್ತು ಮೈಲು, ಹದಿನಾಲ್ಕಾಣೆ. ಮೋಟಾರಿನ ಮೂತಿಗೆ ಬಾಳೆಕಂದು ಕಟ್ಟಿದ್ದರು. ಹಿಂದಿನ ದಿನದ ಮಳೆಗೆ ಎರೆ ನೆಲ ಅಂಟಂಟಾಗಿ, ಕಮತಗಿಯ ಹತ್ತಿರ ಗಾಲಿ ಹುಗಿದು ಗಂಡಸರೆಲ್ಲ ಇಳಿದು ನೂಕಿದರು. ನಾನೂ ಇಳಿದು ನೂಕಿದೆ, ಕಂಡಕ್ಟರ್ ಬೇಡ ಬೇಡ ಅಂದರೂ ಬಿಡಲಿಲ್ಲ. ಅಮೀನಗಡದಲ್ಲಿ ಹತ್ತು ನಿಮಿಷ ನಿಂತಾಗ ಕರದಂಟು ಕೊಂಡೆ. ಮಾಮಿ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿ ಮುಗಿದ ಮೇಲೆ ಅದೇ ಆಧಾರವಾಯಿತು.

ಹುನಗುಂದದ ಗಿರಣಿ ಸ್ತಬ್ಧವಾಗಿತ್ತು. ಇಂಜಿನ್ನಿನ ದೊಡ್ಡ ಗಾಲಿಗೆ ಹೂಮಾಲೆ. ಅದರ ಮುಂದೆ ಮಣೆಯ ಮೇಲೆ ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿದ ಹತಾರಗಳು ಸಾಲಾಗಿ ಕುಳಿತಿದ್ದವು, ಒಂದೊಂದಕ್ಕೂ ಅರಿಸಿನ, ಕುಂಕುಮ, ಒಂದು ಚೆಂಡುಹೂ. ಪಕ್ಕದಲ್ಲಿ ಒಡೆದ ಕಾಯಿ. ದಸ್ತಗೀರಸಾಬ ಅರವತ್ತು ದಾಟಿದವನು, ಬಿಳಿ ಗಡ್ಡ, ತೊಳೆದ ಅಂಗಿ. ನನ್ನನ್ನು ನೋಡಿ ಖುಷಿಪಟ್ಟ. ನಟ್ಟು ತೋರಿಸಿದಾಗ ಇನ್ನೂ ಖುಷಿಪಟ್ಟ.

"ಡಾಗದಾರ ಸಾಹೇಬರ ಮೋಟಾರಿಂದು! ಇದಕ್ಕ ನಾ ಪಾನಾ ಮಾಡಿಟ್ಟೇನ್ರಿ. ಇಂಚಿನ ಪಾನಾದ ಬಾಯಿ ಕಾಸಿ ಬಡದು, ಅರಾ ಹಾಕಿ ತಿಕ್ಕಿ ಹದಿನೇಳಕ್ಕ ಕೂಡಿಸಿದ್ದೆ. ಅಲ್ಲೈತಿ ನೋಡ್ರಿ, ಎಡಗಡೆಯಿಂದ ಮೂರನೇದು."

ಅಲ್ಲಿತ್ತು. ಹಣೆಯ ಮೇಲೆ ಕುಂಕುಮ ಹಚ್ಚಿಕೊಂಡು, ನನ್ನಿಂದ ನಾಲ್ಕು ಮೊಳ ದೂರದಲ್ಲಿ. ನಾಳೆ ಮುಹೂರ್ತ ಹತ್ತೂವರೆಗೆ, ಇವತ್ತೇ ಬೇಕು, ಎಂದೆ. ಮುದುಕನ ಮುಖ ಸಣ್ಣದಾಯಿತು.

"ಇವತ್ತು ಎತ್ತಾಕ ಬರೂದಿಲ್ರಿ."

"ನೀವು ಮುಸಲರ ಆಗಿ ಖಂಡೇಪೂಜಿ ಹಟಾ ಹಿಡೀತೀರೇನು?"

"ನನಗ ಕೆಲಸ ಕಲಿಸಿದ ವಸ್ತಾದ ಕಂಬಾರ ಈರಪ್ಪ. ಅಂವ ಹತಾರ ಪೂಜಿಗೆ ಇಡತಿದ್ದ, ನಾನೂ ಇಡತೀನಿ. ನಮ್ಮ ಹಬ್ಬ ಬ್ಯಾರೆ, ಹತಾರದ ಹಬ್ಬ ಬ್ಯಾರೆ. ವರ್ಷಾನಗಟ್ಟಲೆ ಅವನ್ನ ಬಡೀತೀವಿ, ತಿಕ್ಕತೀವಿ. ಒಂದು ದಿನ ಸುಮ್ಕ ಕುಂದ್ರಾಕ ಬಿಡಬಾರದೇನ್ರಿ?"

ಎದ್ದು ಹೋಗಿ ಅದನ್ನು ಎತ್ತಿಕೊಂಡುಬಿಡೋಣ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಒಂದು ಹೆಜ್ಜೆ ಇಟ್ಟೂ ಇದ್ದೆ. ಆದರೆ ನಲವತ್ತು ವರ್ಷ ಒಬ್ಬ ಮನುಷ್ಯ ಉಳಿಸಿಕೊಂಡು ಬಂದದ್ದನ್ನು ಅವನ ಕಣ್ಣೆದುರಿಗೆ ಕಸಿದುಕೊಳ್ಳುವಷ್ಟು ಕೆಟ್ಟವಳು ನಾನಲ್ಲ. ಬಾಯಿ ಮಾತ್ರ ಸುಮ್ಮನಿರಲಿಲ್ಲ.

"ಹೆರಿಗಿಗೆ ಖಂಡೇಪೂಜಿ ಅದ ಏನು, ದಸ್ತಗೀರಸಾಬ? ಇವತ್ತು ಯಾವಾಕಿಗರ ಬ್ಯಾನಿ ಸುರು ಆದ್ರ, ನನ್ನ ಕತ್ರಿ ಪೂಜಿಯೊಳಗ ಅದ, ನಾಡದ ಹಡಿಯವಾ ಅಂತ ಹೇಳಲೇನು?" ಎಂದೆ. ಕಾಶವ್ವನ ವಿಷಯವನ್ನೂ ಹೇಳಿದೆ. ಹೇಳುತ್ತ ಹೇಳುತ್ತ ನನ್ನ ದನಿ ಗಿರಣಿಯ ತಗಡಿಗೆ ಬಡಿಯುವಷ್ಟು ಏರಿತ್ತು.

ದಸ್ತಗೀರಸಾಬ ಗಡ್ಡ ಸವರಿದ. "ಅಂದ್ರ ನಿಮ್ಮ ಹತಾರ ಪೂಜಿಗೆ ಕುಂತಿಲ್ಲ?"

"ಎಂದೂ ಕೂತಿಲ್ಲ."

"ಹಂಗಾರ ಬಿಚ್ರಿ ನಿಮ್ಮ ಚೀಲ."

ಹೆರಿಗೆಯ ಚೀಲವನ್ನು ಹಾಸಿನ ಮೇಲೆ ಬಿಚ್ಚಿದೆ. ಮುದುಕ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿ ಒಂದೊಂದನ್ನೇ ನೋಡಿದ. ಎನಿಮಾದ ರಬ್ಬರ್ ನಳಿಕೆ, ಎನಾಮಲ್ ತಟ್ಟೆ, ರಕ್ತನಾಳ ಹಿಡಿಯುವ ಇಕ್ಕಳ, ಸೋಸಲು ತೆಳು ಬಟ್ಟೆ, ಸೂಜಿ ಕುದಿಸುವ ಸ್ಪಿರಿಟ್ ದೀಪ. "ಅರ್ಧಾ ಗ್ಯಾರೇಜು ಇದರಾಗ ಐತೆಲ್ರಿ," ಅಂದ. ನಳಿಕೆಯಿಂದ ಎಣ್ಣೆ ಹೊರಗೆ ಬಿಡಬಹುದು, ತಟ್ಟೆಯಲ್ಲಿ ಹಿಡಿದು ಗುಳ್ಳೆ ನೋಡಬಹುದು, ಬಟ್ಟೆಯಲ್ಲಿ ಎಣ್ಣೆ ಸೋಸಬಹುದು, ತಣ್ಣಗಿನ ಇಂಜಿನ್ ಬೇಗ ಏಳಲೆಂದು ಅದು ಒಳಗೆ ಎಳೆಯುವ ಗಾಳಿಯನ್ನು ದೀಪದಿಂದ ಕಾಸಬಹುದು. ಉಳಿದದ್ದು ಪಾನಾ ಒಂದೇ. ಬಾಗಲಕೋಟೆಯಲ್ಲಿ ಕೊಂಡ ಎರಡರಲ್ಲಿ ದೊಡ್ಡದು ನಟ್ಟಿಗೆ ತಗಡಿನ ದಪ್ಪದಷ್ಟು ಸಡಿಲು.

"ಅದು ಹೊಸಾದು, ಪೂಜಿಗೆ ಕುಂತಿಲ್ಲ. ಸಂದಿಗೆ ತಗಡು ತುರುಕಿದ್ರ ಹದಿನೇಳು ಆಗತೈತಿ," ಎಂದು ಒಳಗಿನಿಂದ ಖಾಲಿ ಹಾಲಿನ ಪುಡಿಯ ಡಬ್ಬಿ ತರಿಸಿದ. ತಗಡು ಕತ್ತರಿಸುವ ಕತ್ತರಿ ಮಣೆಯ ಮೇಲಿತ್ತು. ಇಬ್ಬರೂ ನನ್ನ ಕತ್ತರಿಯ ಕಡೆ ನೋಡಿದೆವು. ಹೊಕ್ಕುಳಬಳ್ಳಿ ಕತ್ತರಿಸುವ ಕತ್ತರಿ, ಡಾಕ್ಟರರು ಕೊಟ್ಟದ್ದು, ಸಾವಿರ ಕೂಸುಗಳನ್ನು ತಾಯಿಯಿಂದ ಬಿಡಿಸಿದ್ದು. ಆದರೂ ತೆಗೆದುಕೊಂಡು ಡಬ್ಬಿ ಕತ್ತರಿಸಿದೆ. ಮೂರನೆಯ ಪಟ್ಟಿಗೆ ಅಲಗು ಮುಕ್ಕಾಯಿತು, ಆದರೆ ಪಟ್ಟಿ ಮಡಚಿ ಪಾನಾದ ಬಾಯಿಗಿಟ್ಟಾಗ ನಟ್ಟು ಬಿಗಿಯಾಗಿ ಕೂತಿತು. ಆಮೇಲೆ ಒಂದು ತಾಸು ದಸ್ತಗೀರಸಾಬ ಕೈ ಬೆನ್ನ ಹಿಂದಿನಿಂದ ತೆಗೆಯದೆ, ಬರಿ ಬಾಯಲ್ಲೇ, ಯಾವ ನಟ್ಟು ಮೊದಲು, ಯಾವುದು ಆಮೇಲೆ, ಗುಳ್ಳೆ ನಿಂತದ್ದು ಹೇಗೆ ಗೊತ್ತಾಗುತ್ತದೆ ಎಂದು ಕಲಿಸಿದ. ತಿರುಗಿ ಒಪ್ಪಿಸುವಾಗ ತಪ್ಪಿದರೆ ನನ್ನನ್ನು ಸಾಲೆಯ ಹುಡುಗಿಯ ಹಾಗೆ ಬೈದ. ಹೊರಡುವಾಗ ಗಿರಣಿಯ ಡೀಸೆಲ್ ಒಂದು ಡಬ್ಬಿ ಕೊಡಿಸಿದ. "ಎಣ್ಣಿಗ್ಯಾವ ಪೂಜಿರಿ!" ಅಂದ.

ಇಳಕಲ್ಲಿಗೆ ಎಂಟು ಮೈಲು. ಎಣ್ಣೆಯ ಡಬ್ಬಿಗೂ ಟಿಕೆಟ್ ಬೇಕೆಂದು ಕಂಡಕ್ಟರ್ ಜಗಳ ತೆಗೆದ. ಡಬ್ಬಿಗೆ ಸೀಟು ಕೊಟ್ಟರೆ ಟಿಕೆಟ್ ಕೊಳ್ಳುತ್ತೇನೆ ಎಂದೆ. ಇಳಕಲ್ಲಿನಲ್ಲಿ ಯಾವಾಗಲೂ ಓಣಿ ಓಣಿಯಲ್ಲಿ ಕೇಳುವ ಮಗ್ಗದ ಸದ್ದು ಅಂದು ಇರಲಿಲ್ಲ, ಮಗ್ಗಗಳೂ ಪೂಜೆಗೆ ಕುಳಿತಿದ್ದವು. ಮಹಾಂತಪ್ಪ ಶೆಟ್ಟರು ನನ್ನನ್ನು ಆದರದಿಂದಲೇ ಬರಮಾಡಿಕೊಂಡರು, ಹೋಳಿಗೆ ಬಡಿಸಿದರು, ತುಪ್ಪ ಹಾಕುತ್ತ, "ಸುಮ್ನ ಕೈ ಹೊಲಸು ಮಾಡಕೋಬ್ಯಾಡ್ರಿ, ಮೋಡಕಾದಂವ ಬೆಳಿಗ್ಗೆ ಬರ್ತಾನ" ಅಂದರು. ಹೋಳಿಗೆ ಚೆನ್ನಾಗಿತ್ತು. ಮಾತು ನನಗೆ ಇಳಿಯಲಿಲ್ಲ.

ದಶಮಿಯ ಬೆಳಿಗ್ಗೆ ಆರಕ್ಕೆ ಸೆರಗು ಬಿಗಿದು ಹಿತ್ತಿಲಿಗೆ ಹೋದೆ. ಕಾರಿನ ಮೇಲೆ ಕೋಳಿ ಮಲಗಿ ಎದ್ದ ಗುರುತುಗಳಿದ್ದವು. ಅಳತೆಗೆ ತಂದಿದ್ದ ನಟ್ಟನ್ನು ಅದರ ಜಾಗಕ್ಕೆ ಕೂಡಿಸಿ, ಎಣ್ಣೆ ಸೋಸಿ ಹಾಕಿದೆ. ಮೊದಲ ನಟ್ಟಿಗೆ ಪಾನಾ ಇಟ್ಟು ಒತ್ತಿದಾಗ ತಗಡು ಜಾರಿ ಬೆರಳಿನ ಗೆಣ್ಣು ಕಿತ್ತು ರಕ್ತ ಬಂತು. ಬಟ್ಟೆ ಸುತ್ತಿಕೊಂಡು ಹೊಸ ಪಟ್ಟಿ ಇಟ್ಟೆ. ಎರಡನೆಯ ಸಲ ನಟ್ಟು ಕಿರ್ ಎಂದು ತಿರುಗಿತು. ಎಣ್ಣೆಯ ಕೈಪಂಪು ಒತ್ತುತ್ತಾ ಕುಳಿತೆ. ತಟ್ಟೆಯೊಳಗೆ ನೊರೆ ಬಂತು, ನೊರೆಯೇ ಬಂತು, ಅರ್ಧ ತಾಸು ನೊರೆ. ಆಮೇಲೆ ಗುಳ್ಳೆ ತೆಳುವಾಗಿ, ಕೊನೆಗೆ ಎಣ್ಣೆ ಒಂದೇ ಎಳೆಯಾಗಿ ಇಳಿಯಿತು. ನಟ್ಟು ಬಿಗಿದು ಮುಂದಿನದಕ್ಕೆ ಹೋದೆ. ನಾಲ್ಕು ನಳಿಕೆ ಮುಗಿಯುವ ಹೊತ್ತಿಗೆ ಹಿತ್ತಿಲ ಗೋಡೆಯ ಮೇಲೆ ಓಣಿಯ ಅರ್ಧ ಜನ ಕುಳಿತಿದ್ದರು.

ಮೋಡಕಾದವನು ಎರಡು ಜೋಡಿ ಎತ್ತು, ಹಗ್ಗ ತಂದು ನಿಲ್ಲಿಸಿದ್ದ. ಪುರೋಹಿತರು ಗಡಿಯಾರ ನೋಡುತ್ತಿದ್ದರು. "ಸಾಕು ಮಾಡ್ರಿ ಬಾಯಾರ, ಹತ್ತಾತು," ಎಂದರು ಶೆಟ್ಟರು.

"ಹತ್ತೂವರಿಗೆ ಅಲ್ಲೇನು ಮುಹೂರ್ತ? ನಿಮ್ಮ ಗುದ್ದಲಿ ತಾಳ್ತದ," ಎಂದೆ.

ಬ್ಯಾಟರಿ ಎಂದೋ ಸತ್ತಿತ್ತು. ಗಾಡಿ ಎಳೆಸಿಯೇ ಎಬ್ಬಿಸಬೇಕು. ಮೋಡಕಾದವನ ಹತ್ತಿರ ಹೋಗಿ, "ಎಳಿಯೂದು ನಿನ್ನ ಕೆಲಸ ಹೌದಲ್ಲೋ? ಎಳಿ. ಮೊದಲು ಹಳ್ಳದ ಇಳಿಜಾರಿನ ತನಕ. ಅಲ್ಲಿ ಅದು ಎದ್ದೇಳಲಿಲ್ಲ ಅಂದ್ರ ನಿನ್ನ ಮನಿಗೇ ಎಳಕೊಂಡು ಹೋಗು, ನಾ ಹಿಂದ ತಿರುಗಿ ನೋಡೂದಿಲ್ಲ," ಎಂದೆ. ಅವನು ಶೆಟ್ಟರ ಮುಖ ನೋಡಿದ, ಶೆಟ್ಟರು ಗಡಿಯಾರ ನೋಡಿದರು. ಆಗ ಶೆಟ್ಟರ ಹೆಂಡತಿ ಒಳಗಿನಿಂದ ಬಂದು, "ಎಳೀಲಿ ಬಿಡ್ರಿ, ಮುಂಜಾನಿಯಿಂದ ಒಬ್ಬಾಕಿ ದುಡಿಯಾಕತ್ಯಾಳ" ಅಂದಳು. ಅವಳೇ ಸ್ಪಿರಿಟ್ ದೀಪ ಹಿಡಿದು, ಇಂಜಿನ್ ಗಾಳಿ ಎಳೆಯುವ ಬಾಯನ್ನು ಚೆನ್ನಾಗಿ ಕಾಸಿ ಕೊಟ್ಟಳು.

ಇಳಿಜಾರಿನ ತಲೆಯಲ್ಲಿ ಎತ್ತು ಬಿಚ್ಚಿಸಿದೆ. ಗೋಡೆಯ ಮೇಲಿದ್ದವರೆಲ್ಲ ಬಂದು ನೂಕಿದರು. ಗಾಡಿ ಓಟ ಹಿಡಿದಾಗ ಕ್ಲಚ್ ಬಿಟ್ಟೆ. ಒಮ್ಮೆ ಧಡಕ್ ಎಂದು ನಡುಗಿತು, ಏನೂ ಇಲ್ಲ. ಎರಡನೆಯ ಸಲವೂ ಏನೂ ಇಲ್ಲ. ಮುಂದೆ ಹಳ್ಳದ ನೀರು ಕಾಣುತ್ತಿತ್ತು. ಮೂರನೆಯ ಸಲ ಬಿಟ್ಟಾಗ ಹಿಂದಿನಿಂದ ಓಣಿ ಮುಚ್ಚುವಷ್ಟು ಕರಿಹೊಗೆ ಎದ್ದು ಇಂಜಿನ್ ಗಡಗಡಗಡ ಎಂದು ಮಾತಾಡತೊಡಗಿತು. ಎತ್ತುಗಳು ಬೆದರಿ ಹಗ್ಗದ ಸಮೇತ ಓಡಿದವು, ಮೋಡಕಾದವನು ಅವುಗಳ ಹಿಂದೆ ಓಡಿದ. ನಾನು ನಕ್ಕೆನೋ ಅತ್ತೆನೋ ತಿಳಿಯದು. ಮೂಗು ಒರೆಸಿಕೊಂಡಾಗ ಮುಖವೆಲ್ಲ ಮಸಿಯಾಯಿತು.

ಕಾರನ್ನು ಹತ್ತಿಸಿ ತಂದಾಗ ಶೆಟ್ಟರು ಗುದ್ದಲಿ ಹಿಡಿದು ನಿಂತಿದ್ದರು. "ಆ ಹೊಗಿಗೆ ನಮ್ಮ ಹೊಸಾ ಮನಿ ದೃಷ್ಟಿ ತಗದಂಗ ಆತು ಬಿಡ್ರಿ," ಎಂದು ನಕ್ಕರು. ಇಂಜಿನ್ ನಿಲ್ಲಿಸುವ ಹಾಗಿರಲಿಲ್ಲ, ನಿಲ್ಲಿಸಿದರೆ ಮತ್ತೆ ಎತ್ತು ಹುಡುಕಬೇಕು. ಕೂತಲ್ಲಿಂದಲೇ ಕೈ ಮುಗಿದು ಹೊರಟೆ. ಹುನಗುಂದದಲ್ಲಿ ದಸ್ತಗೀರಸಾಬ ದೂರದಿಂದಲೇ ಸದ್ದು ಕೇಳಿ ರಸ್ತೆಗೆ ಬಂದಿದ್ದ. ಬಾನೆಟ್ಟಿಗೆ ಕಿವಿಯಿಟ್ಟು, "ಎರಡನೇ ಸಿಲಿಂಡರ ಕೆಮ್ಮತೈತಿ. ಇರಲಿ, ಹಾದ್ಯಾಗ ಬಂದ್ ಮಾಡಬ್ಯಾಡ್ರಿ" ಅಂದ. ಅವನ ಕೈ ಇನ್ನೂ ಬೆನ್ನ ಹಿಂದೆಯೇ ಇತ್ತು.

ಅಮೀನಗಡ, ಕಮತಗಿ, ಗುಳೇದಗುಡ್ಡ. ಬಿಸಿಲಿಗೆ ಕೆಸರು ಅರ್ಧ ಒಣಗಿತ್ತು. ಗುಳೇದಗುಡ್ಡ ದಾಟಿದ ಮೇಲೆ ನೇರ ಬಾದಾಮಿಗೆ ಹೋಗಬೇಕಾದವಳು ಒಳದಾರಿಗೆ ತಿರುಗಿಸಿದೆ. ಯಾರೂ ಕರೆದಿರಲಿಲ್ಲ. ಕಾಶವ್ವನ ಅತ್ತೆಯ ಮನೆಯ ಮುಂದೆ ಗಾಡಿ ನಿಲ್ಲಿಸಿ, ಇಂಜಿನ್ ನಡೆಯಲು ಬಿಟ್ಟು ಇಳಿದೆ.

ಮುದುಕಿ ಹೊರಗೆ ಬಂದಳು. ಕಾರನ್ನು ನೋಡಿದಳು, ನನ್ನ ಮಸಿಯ ಮುಖ ನೋಡಿದಳು. "ಈಗ ಬಂದೇನವಾ?" ಅಂದಳು.

ಮಸಿಯ ಕೈಯನ್ನು ಸೆರಗಿಗೆ ಒರೆಸಿಕೊಂಡೆ.

"ತಡಾ ಆತವಾ," ಎಂದೆ. "ಇನ್ನೊಮ್ಮೆ ಆಗಗೊಡೂದಿಲ್ಲ. ಊರಾಗ ಯಾರ್ಯಾರು ಬಸರದಾರ, ಹೇಳು."

ಮುದುಕಿ ಹೊಸ್ತಿಲಿನ ಮೇಲೆ ಕುಳಿತಳು. ಆಮೇಲೆ ಬೆರಳು ಮಡಚಿ ಮೂರು ಮನೆಗಳ ಹೆಸರು ಹೇಳಿದಳು. ನಾಲ್ಕನೆಯ ಬೆರಳು ಹಿಡಿದು, ಬಾಗಿಲ ಹಿಂದೆ ನಿಂತಿದ್ದ ಕಿರಿಯ ಸೊಸೆಯ ಕಡೆ ತಿರುಗಿದಳು.

ಎಷ್ಟನೆಯ ತಿಂಗಳು ಎಂದು ಕೇಳಿದೆ. ಏಳು ಅಂದಳು. ಕಾರು ಹತ್ತಿ ಗಡಿಯಾರ ನೋಡಿಕೊಂಡು ಹೊರಟೆ. ಚಕ್ಕಡಿ ಐದು ತಾಸು ತೆಗೆದುಕೊಂಡ ದಾರಿ, ಆ ಹೊಸ್ತಿಲಿನಿಂದ ಬಾದಾಮಿಯ ನನ್ನ ಬಾಗಿಲಿಗೆ ನಲವತ್ತು ನಿಮಿಷ.